ಪೋಷಕನಟಿಯ ವಿಚಾರ

ಚಲಚ್ಚಿತ್ರದ ಪ್ರಸಂಗದಲ್ಲಿ ಕನ್ನಡಕ್ಕೆ ಬಂದಿರುವ ಹೊಸ ಪರಿಭಾಷೆಗಳೊಳಗೆ ‘ಪೋಷಕನಟಿ’ ಎಂಬುದೊಂದು. ಪತ್ರಿಕೆಗಳಲ್ಲಿಯೂ ಪ್ರಶಸ್ತಿಪಟ್ಟಿಗಳಲ್ಲಿಯೂ ಈ ಮಾತು ಪದೇಪದೇ ಕಾಣಿಸುತ್ತಿದ್ದರೂ ಇದರ ಅರ್ಥವನ್ನು ವಿಚಾರಮಾಡಿದವರು ವಿರಳ. ನಾಯಿಕೆಯಲ್ಲದವಳು, ಅಥವಾ ನಾಯಿಕೆಯಾಗುವ ವಯಸ್ಸು ಮೀರಿದವಳು ಎಂಬಷ್ಟೇ ಅರ್ಥದಲ್ಲಿ ಲೋಕವು ಇದನ್ನು ಬಳಸುತ್ತಿರುವುದು. ಈ ಅಭಾವಾತ್ಮಕವಾದ ಅರ್ಥವು ಸಾಧುವೆ ಎಂಬುದನ್ನು ದಕ್ಷಿಣ ಕನ್ನಡದಲ್ಲಿ ಹುಟ್ಟಿದ ನಟಿಯೊಬ್ಬರ ಪಾತ್ರಗಳನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗುವುದು.

ಶಬ್ದವು ‘ಪುಷ್’ ಧಾತುವಿನಿಂದ ಬಂದಿದೆ. ಪುಷ್ಟಿ, ಪೋಷಣೆ, ಪರಿಪೋಷ ಇವೆಲ್ಲ ಅದರ ಸಂತಾನವೇ. ಆಲಂಕಾರಿಕರು ‘ರಸಪರಿಪೋಷ’ ಎಂದು ಹೇಳುವಾಗ ಅವರಿಗೆ ಅಭಿಪ್ರೇತವಾದುದು ಯಾವನೋ ಒಬ್ಬ ನಾಯಕನ ಪೋಷಣೆಯಲ್ಲ, ಸ್ಥಾಯಿಭಾವದ ಪೋಷಣೆ. ವಿಭಾವಾದಿಗಳಿಂದ ಉಪಚಿತವಾದ ಸ್ಥಾಯಿಯೇ ರಸವೆಂಬುದು ಭಟ್ಟಲೋಲ್ಲಟನ ಮತವೆಂದು ಅಭಿನವಗುಪ್ತನು ಅನುವಾದಮಾಡಿರುವನಷ್ಟೆ. ಆ ಮತವನ್ನು ಮುಂದಿನವರು ಖಂಡಿಸಿದರು, ನಿಜ. ಆದರೆ ಪೋಷಣೆಗೆ ವಿಷಯವು ರಸವೆಂಬ ಮಾತು ನಿಂತಿತು. ಹೀಗಿರಲು ಪೋಷಕಪಾತ್ರವೆಂದರೆ ರಸವನ್ನು ಪೋಷಿಸುವ ಪಾತ್ರವೆಂದೇ ಅರ್ಥಮಾಡತಕ್ಕುದು. ಇನ್ನೊಂದು ವಿನೋದವೂ ಉಂಟು. ವ್ಯವಹಾರದ ಕನ್ನಡದಲ್ಲಿ ‘ಪೋಷಕರು’ ಎಂದರೆ ತಾಯಿತಂದೆಗಳು. ಶಾಲೆಯ ಉಪಾಧ್ಯಾಯರೆಲ್ಲರೂ ಆ ಅರ್ಥದಲ್ಲಿಯೇ ಅದನ್ನು ದಿನವೂ ಬರೆಯುತ್ತಿರುವರು. ಚಲಚ್ಚಿತ್ರದಲ್ಲಿ ಪೋಷಕನಟಿಯ ಪಾಲಿಗೆ ಬಂದಿರುವುದೂ ಹೆಚ್ಚಾಗಿ ತಾಯಿಯ ಪಾತ್ರವೇ. ಈ ಎರಡರ್ಥಗಳು ಒಂದೆಡೆ ಕೂಡಿಕೊಂಡುದು ಕಾಕತಾಳೀಯವಾಗಿರಬಹುದು, ಆದರೆ ನಿರರ್ಥಕವಲ್ಲ.

ನಾಟ್ಯಶಾಸ್ತ್ರದಲ್ಲಿ ಇದಕ್ಕೆ ಸಮಾನವಾದ ಪರಿಭಾಷೆ ಇದೆಯೆ? ಪುರುಷಪಾತ್ರಗಳಿಗೆ ಉಂಟು. ಪತಾಕೆಯೆಂಬ ಉಪಕಥೆಯ ನಾಯಕನಿಗೆ ‘ಪೀಠಮರ್ದ’ನೆಂದು ಧನಂಜಯನು ಹೆಸರಿಟ್ಟಿರುವನು. ಸ್ತ್ರೀಯರೊಳಗೆ ನಾಯಿಕೆಗೆ ಸಹಾಯ ಮಾಡುವವರನ್ನು ಎಣಿಸುವಾಗ ದಶರೂಪಕವು ದಾಸಿ, ಸಖಿ, ದಾದಿಯ ಮಗಳು, ನೆರೆಮನೆಯವಳು, ಸನ್ಯಾಸಿನಿ, ಶಿಲ್ಪಿನಿ ಮೊದಲಾದವರನ್ನು ಹೇಳುತ್ತದೆ. ತಾಯಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಶೃಂಗಾರದ ದೂತಿಯರ ಪಟ್ಟಿಯಾದುದರಿಂದ ಅಲ್ಲಿ ತಾಯಿಗೆ ಎಡೆಯಿಲ್ಲವೆಂಬುದು ಸಹಜವೇ ಸರಿ. ಕವಿಗಳು ಮಾತ್ರ ಈ ಲೋಪವನ್ನು ಅರಿತಿದ್ದರು. ಶಾಕುಂತಲದಲ್ಲಿ ಶಕುಂತಲೆಯೊಡನೆ ಹಸ್ತಿನಾವತಿಗೆ ಹೋಗುವ ಗೌತಮಿಯು ದಾಸಿಯೂ ಅಲ್ಲ, ಸಖಿಯೂ ಅಲ್ಲ. ಉತ್ತರರಾಮಚರಿತದ ನಾಲ್ಕನೆಯ ಅಂಕದ ಕೌಸಲ್ಯೆಯನ್ನು ತೆಗೆದುಹಾಕಿದರೆ ಆ ಅಂಕದ ಕರುಣವು ಅರ್ಧವಾಗಿ ಹೋಗುವುದು. ಲಕ್ಷಣಕಾರರು ಹೆಸರಿಡದೆ ಬಿಟ್ಟುದನ್ನು ಲಕ್ಷ್ಯಕಾರರು ನಡೆಸಿಕೊಂಡು ಬಂದರೆಂದು ತಿಳಿಯಬೇಕು.

ಇನ್ನು ಪ್ರಕೃತಕ್ಕೆ ಬರುವುದು. ಲೀಲಾವತಿಯವರು ಹುಟ್ಟಿದುದು ಬೆಳ್ತಂಗಡಿಯಲ್ಲಿ. ಹುಟ್ಟಿದ ವರ್ಷವನ್ನು 1937 ಎಂದೂ 1938 ಎಂದೂ ಹೇಳುವರು. ಎಳವೆಯಲ್ಲಿಯೇ ಹೆತ್ತವರನ್ನು ಕಳೆದುಕೊಂಡು, ಶಾಲೆಯ ವಿದ್ಯೆಯನ್ನು ಬಹುಬೇಗ ಬಿಟ್ಟು, ನಾಟಕದ ಕಂಪೆನಿಯನ್ನು ಸೇರಿದರು. ಸುಬ್ಬಯ್ಯನಾಯ್ಡುಗಳ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯು ಅವರ ಪಾಠಶಾಲೆಗಳಲ್ಲಿ ಒಂದು. ಚಲಚ್ಚಿತ್ರದಲ್ಲಿ ಸಣ್ಣಪುಟ್ಟ ಪಾತ್ರಗಳಿಂದ ಆರಂಭಿಸಿ ‘ಮಾಂಗಲ್ಯ ಯೋಗ’ದಲ್ಲಿ (1958) ನಾಯಿಕೆಯಾದರು. ‘ರಣಧೀರ ಕಂಠೀರವ’ (1960), ‘ರಾಣಿ ಹೊನ್ನಮ್ಮ’ (1960), ‘ಕಣ್ತೆರೆದು ನೋಡು’ (1961), ‘ಕುಲವಧು’ (1963), ‘ಸಂತ ತುಕಾರಾಂ’ (1963) ಮುಂತಾದವುಗಳಲ್ಲಿ ರಾಜಕುಮಾರರಿಗೆ ಜೋಡಿಯಾಗಿ ಅಭಿನಯಿಸಿದರು. ಅಭಿನಯಿಸಿದ ಚಿತ್ರಗಳು ಕನ್ನಡ, ತಮಿಳು, ತೆಲುಗು ಮೊದಲಾದ ಭಾಷೆಗಳಲ್ಲಿ ಒಟ್ಟು ಆರುನೂರಕ್ಕೆ ಮಿಗಿಲೆಂದು ಹೇಳಿಕೆ. ಇಷ್ಟು ದೊಡ್ಡ ಮೊತ್ತದಲ್ಲಿ ನಾಯಿಕಾಪಾತ್ರಗಳು ಅಲ್ಪಭಾಗ. ಮಿಕ್ಕುದೆಲ್ಲ ಅಕ್ಕ, ಅತ್ತಿಗೆ, ತಾಯಿ, ಅತ್ತೆ. ಒಂದು ಕಾಲಕ್ಕೆ ಯಾವ ನಾಯಕನಿಗೆ ಪ್ರಿಯೆಯಾಗಿದ್ದರೋ ಆತನ ಚಿತ್ರಗಳಲ್ಲಿಯೇ ಮುಂದೆ ಹಿರಿಯ ಹೆಂಗಸಾಗಿ ನಿಂತರು. ನಾಯಕನು ನಾಯಕನಾಗಿಯೇ ಇದ್ದನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ಪರಿವರ್ತನೆಯು ಎಷ್ಟು ಬೇಗ ಆಯಿತೆಂಬುದಕ್ಕೆ ‘ಗೆಜ್ಜೆ ಪೂಜೆ’ಯೇ (1969) ಸಾಕ್ಷಿ. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದುದು ಇದು. ಮಗಳು ಚಂದ್ರೆಯ ಪಾತ್ರ ಕಲ್ಪನಾ ಅವರದು, ತಾಯಿ ಅಪರ್ಣೆಯ ಪಾತ್ರ ಲೀಲಾವತಿಯವರದು. ಕಲ್ಪನಾ ಅವರು 1943ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಒಂದೇ ಜಿಲ್ಲೆಯಲ್ಲಿ ಹುಟ್ಟಿದ, ಐದಾರು ವರ್ಷಗಳ ಅಂತರವಷ್ಟೇ ಇದ್ದ ಇಬ್ಬರು ಸ್ತ್ರೀಯರು ಪರದೆಯ ಮೇಲೆ ತಾಯಿಮಕ್ಕಳಾದರು. ಮೂವತ್ತೊಂದೋ ಮೂವತ್ತೆರಡೋ ವಯಸ್ಸಿನ ತಾಯಿಗೆ ಇಪ್ಪತ್ತಾರರ ಮಗಳು. ನೋಡಿದವರು ಇದನ್ನು ಅಸಂಗತವೆಂದು ಎಣಿಸಲಿಲ್ಲ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

ಭರತನು ಭೂಮಿಕಾವಿಕಲ್ಪವನ್ನು ಹೇಳುವಾಗ ಪಾತ್ರಧಾರಣೆಯನ್ನು ಅನುರೂಪಾ, ವಿರೂಪಾ, ರೂಪಾನುಸಾರಿಣೀ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ತನ್ನ ಜಾತಿವಯಸ್ಸುಗಳಿಗೆ ತಕ್ಕ ಪಾತ್ರವನ್ನು ಧರಿಸುವುದು ಅನುರೂಪಾ. ಬಾಲನು ವೃದ್ಧನಾಗುವುದು, ವೃದ್ಧನು ಬಾಲನಾಗುವುದು ವಿರೂಪಾ. ಪುರುಷನು ಸ್ತ್ರೀಯಾಗುವುದು, ಸ್ತ್ರೀಯು ಪುರುಷನಾಗುವುದು ರೂಪಾನುಸಾರಿಣೀ. ಮಂಗಳೂರು ಸೀಮೆಯ ಪ್ರೇಕ್ಷಕರಿಗೆ ಮೂರನೆಯದು ಬಹುಕಾಲದ ಪರಿಚಯ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಕೋಳ್ಯೂರು ರಾಮಚಂದ್ರರಾಯರಂತಹವರ ಸ್ತ್ರೀವೇಷವನ್ನು ಕಂಡವರು, ವೇಷಧಾರಿಯ ದೇಹಕ್ಕೂ ಪಾತ್ರಕ್ಕೂ ಸಂಬಂಧ ಎಲ್ಲಿ ಎಂದು ಕೇಳಲಾರರು. ಲೀಲಾವತಿಯವರ ತಾಯಿಪಾತ್ರಗಳು, ಆರಂಭಕಾಲದವಂತೂ, ಎರಡನೆಯ ವರ್ಗಕ್ಕೆ ಸೇರುವುವು. ಶಾಸ್ತ್ರದೃಷ್ಟಿಯಿಂದ ಇದು ಸುಲಭವಾದ ಕೆಲಸವಲ್ಲ. ಯಕ್ಷಗಾನದಲ್ಲಿ ಆಹಾರ್ಯವು, ಎಂದರೆ ವೇಷಭೂಷಣಾದಿಗಳು, ನಟನಿಗೆ ನೆರವಾಗುತ್ತವೆ. ಛಾಯಾಗ್ರಾಹಕ ಯಂತ್ರವೋ ಮುಖದ ಸಮೀಪಕ್ಕೇ ಬಂದು ನಿಲ್ಲುವುದು. ನರೆತ ಕೂದಲನ್ನು ಬಣ್ಣದಿಂದ ತೋರಿಸಬಹುದು, ಕಣ್ಣಿನ ದಣಿವನ್ನು ಬಣ್ಣದಿಂದ ತೋರಿಸಲಾಗದು. ಅದನ್ನು ಸಾತ್ತ್ವಿಕದಿಂದಲೇ ಸಾಧಿಸಬೇಕು.

ಅಪರ್ಣೆಯ ಪಾತ್ರದ ಕಷ್ಟ ಇನ್ನೂ ಒಂದು. ಆಕೆ ಪ್ರೇಮದಲ್ಲಿ ಮೋಸಹೋಗಿ ಗಣಿಕೆಯೊಬ್ಬಳ ಮನೆಯಲ್ಲಿ ಆಶ್ರಯಪಡೆದವಳು. ಮಗಳು ಆ ವೃತ್ತಿಗೆ ಬೀಳದೆ ವಿದ್ಯಾವತಿಯಾಗಿ ಗೃಹಿಣಿಯಾಗಬೇಕೆಂಬುದು ಆಕೆಯ ಆಸೆ. ಲೋಕವು ಅದಕ್ಕೆ ಎಡೆಗೊಡದು; ಮಗಳು ಗೆಜ್ಜೆಪೂಜೆಗೆ ಒಪ್ಪಿ ಪ್ರಾಣವನ್ನೇ ನೀಗುವಳು. ಕಥೆಯಲ್ಲಿ ಕ್ರಿಯೆಯೆಲ್ಲ ಮಗಳದು. ತಾಯಿಯದು ಬಹುಮಟ್ಟಿಗೆ ನೋಡುವುದು, ಹೆದರುವುದು, ಹಿಂಜರಿಯುವುದು. ಆದರೆ ಮಗಳಿಗೆ ಒದಗುವ ಆಪತ್ತು ಎಷ್ಟರದೆಂಬುದನ್ನು ಪ್ರೇಕ್ಷಕನು ಅಳೆಯುವುದು ತಾಯಿಯ ಮುಖದಿಂದಲೇ. ಆ ಆಪತ್ತನ್ನು ಒಮ್ಮೆ ಉಂಡವಳು ಆಕೆ.

ಇಲ್ಲಿ ವತ್ಸಲರಸದ ಪ್ರಸ್ತಾಪವು ಅವಶ್ಯವಾಗುವುದು. ಭರತನು ಎಂಟು ರಸಗಳನ್ನು ಹೇಳಿದನು, ಶಾಂತವು ಒಂಬತ್ತನೆಯದಾಗಿ ಸೇರಿತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ವತ್ಸಲವನ್ನೂ ರಸವೆಂದು ಅಂಗೀಕರಿಸಿರುವನು. ಅದಕ್ಕೆ ಆಲಂಬನವು ಪುತ್ರಾದಿಗಳು. ಹಾಗಾದರೆ ಆಶ್ರಯ ಯಾರು? ತಾಯಿಯೇ ಅಲ್ಲವೆ? ಶೃಂಗಾರಪ್ರಧಾನವಾದ ಕಥೆಯಲ್ಲಿ ಆಶ್ರಯವೂ ಆಲಂಬನವೂ ನಾಯಕನಾಯಿಕೆಯರು, ತಾಯಿಯು ಹೊರಗಿನವಳು. ವತ್ಸಲವು ಪ್ರವೇಶಿಸಿದೊಡನೆ ಸ್ಥಾನಗಳು ಅದಲುಬದಲಾಗುತ್ತವೆ. ಆಶ್ರಯವು ತಾಯಿ, ನಾಯಿಕೆಯೆನಿಸಿಕೊಂಡವಳು ಆಲಂಬನಮಾತ್ರ. ಹೆಸರುಪಟ್ಟಿಯಲ್ಲಿ ಹಿಂದೆ ಬರುವವಳು ರಸದ ಲೆಕ್ಕದಲ್ಲಿ ಮುಂದೆ ಬರುವಳು. ಒಂದು ಪ್ರಬಂಧದಲ್ಲಿ ಅನೇಕ ರಸಗಳಿದ್ದರೂ ಒಂದನ್ನು ಅಂಗಿಯಾಗಿಸಬೇಕೆಂದು ಆನಂದವರ್ಧನನು ವಿಧಿಸಿರುವನು. ಯಾವುದು ಅಂಗಿ ಎಂಬುದನ್ನು ನಿರ್ಣಯಿಸುವುದು ಕೃತಿಯ ವಿನ್ಯಾಸವೇ ಹೊರತು ನಟರ ಸಂಭಾವನೆಯ ಪಟ್ಟಿಯಲ್ಲ.

‘ನಾಗರಹಾವು’ (1972) ಈ ಮಾತಿಗೆ ಇನ್ನೊಂದು ಉದಾಹರಣೆ. ತ. ರಾ. ಸು. ಅವರ ಕಾದಂಬರಿಗಳಿಂದ ರೂಪಗೊಂಡ ಈ ಚಿತ್ರದಲ್ಲಿ ಲೀಲಾವತಿಯವರು ಚಾಮಯ್ಯ ಮೇಷ್ಟ್ರ ಮಡದಿ ತುಂಗಮ್ಮ. ಮೇಷ್ಟ್ರಾಗಿ ಅಭಿನಯಿಸಿದ ಅಶ್ವತ್ಥರು 1925ರಲ್ಲಿ ಜನಿಸಿದವರು. ಮಡದಿಯು ಹನ್ನೆರಡು ಹದಿಮೂರು ವರ್ಷ ಕಿರಿಯಳು. ಮಕ್ಕಳಿಲ್ಲದ ಆ ದಂಪತಿಗಳಿಗೆ ರಾಮಾಚಾರಿಯೇ ಮಗನಂತೆ. ಪಾತ್ರವು ದೊಡ್ಡದಲ್ಲ. ಆದರೂ ಊರೆಲ್ಲ ಪುಂಡನೆಂದು ತಳ್ಳಿದವನಿಗೆ ಒಂದು ಮನೆ ಇದೆಯೆಂಬ ಭಾವನೆಯು ಆ ಪಾತ್ರದಿಂದಲೇ ಸಿದ್ಧಿಸುವುದು. ತಮಿಳಿನ ‘ಅವರ್‌ಗಳ್’ (1977) ಇದಕ್ಕಿಂತಲೂ ಗಮನಾರ್ಹ. ಕೆ. ಬಾಲಚಂದರ್ ಅವರ ಈ ಚಿತ್ರದಲ್ಲಿ ಲೀಲಾವತಿಯವರದು ಅತ್ತೆಯ ಪಾತ್ರ. ಕ್ರೂರಿಯಾದ ಮಗನ ಪಕ್ಷವನ್ನು ಬಿಟ್ಟು, ಅವನಿಂದ ಬೇರೆಯಾದ ಸೊಸೆಯ ಜತೆಗೆ ನಿಲ್ಲುವ ಅತ್ತೆ ಆಕೆ. ಅತ್ತೆಯೆಂದರೆ ಕಾಟಕೊಡುವವಳೆಂಬ ಜನಪದಗೀತೆಗಳ ವಾಡಿಕೆಗೆ ವಿರುದ್ಧವಾದ ಪಾತ್ರ ಇದು.

ಪೋಷಕನಟಿಗಾಗಿರುವ ರಾಜ್ಯಪ್ರಶಸ್ತಿಯು ಲೀಲಾವತಿಯವರಿಗೆ ಒಂದಕ್ಕಿಂತ ಹೆಚ್ಚು ಸಲ ಸಂದಿತು. ಕರ್ನಾಟಕ ಸರಕಾರದ ಡಾ. ರಾಜಕುಮಾರ್ ಪ್ರಶಸ್ತಿಯೂ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಪದವಿಯೂ (2008) ದೊರೆತವು. ಕಡೆಗಾಲದಲ್ಲಿ ಮಗ ವಿನೋದರಾಜರೊಡನೆ ನೆಲಮಂಗಲದ ಬಳಿಯ ಸೋಲದೇವನಹಳ್ಳಿಯಲ್ಲಿ ತೋಟಮಾಡಿಕೊಂಡಿದ್ದು, ಅಲ್ಲಿ ಜನರಿಗೆ ಆಸ್ಪತ್ರೆಯೊಂದನ್ನೂ ದನಕರುಗಳಿಗೆ ಆಸ್ಪತ್ರೆಯೊಂದನ್ನೂ ಕಟ್ಟಿಸಿದರು. 2023ರ ದಶಂಬರ 8ರಂದು ತೀರಿಕೊಂಡರು.

ದೂರದರ್ಶನವು ಬಂದಮೇಲೆ ಪೋಷಕನಟಿಯ ಸ್ಥಿತಿಯು ಬೇರೆಯಾಯಿತು. ಉಡುಪಿಯ ವಿನಯಾಪ್ರಸಾದರ ಪ್ರಸಂಗವನ್ನು ನೋಡಬಹುದು. ಮಲೆಯಾಳದ ‘ಮಣಿಚಿತ್ರತ್ತಾಳ್’ (1993) ಚಿತ್ರದಲ್ಲಿ ಶ್ರೀದೇವಿಯೆಂಬ ಉಪಪಾತ್ರವನ್ನು ವಹಿಸಿದ ಆಕೆಯನ್ನು ಕೇರಳದ ಮನೆಮನೆಯವರು ಹೆಚ್ಚಾಗಿ ಅರಿತುದು ‘ಸ್ತ್ರೀ’ ಎಂಬ ಧಾರಾವಾಹಿಯಿಂದ. ಅಲ್ಲಿ ಆಕೆಯೇ ಮುಖ್ಯಪಾತ್ರ. ಚಲಚ್ಚಿತ್ರದಲ್ಲಿ ಮೂಲೆಗೆ ಸರಿದ ವಯಸ್ಸಿನ ಹೆಂಗಸು ಧಾರಾವಾಹಿಯಲ್ಲಿ ನಡುಮನೆಗೆ ಬಂದಳು. ಕಾರಣವು ಸ್ಪಷ್ಟ: ನೋಡುವವರಲ್ಲಿ ಹೆಚ್ಚಿನವರು ಆ ವಯಸ್ಸಿನ ಹೆಂಗಸರೇ, ಮತ್ತು ಕಥೆ ನಡೆಯುವುದು ಅಡುಗೆಮನೆ ಪಡಸಾಲೆಗಳಲ್ಲಿ. ಆದರೆ ದಿನದಿನವೂ ನಡೆಯುವ ಧಾರಾವಾಹಿಗೆ ಮುಖಾದಿ ಪಂಚಸಂಧಿಗಳೊಳಗೆ ನಿರ್ವಹಣಸಂಧಿಯೇ ಒದಗದು. ಮುಗಿಯುವ ದಿನವನ್ನು ಕಥೆಯು ನಿಶ್ಚಯಿಸದೆ ಪ್ರಸಾರದ ಲಾಭನಷ್ಟಗಳು ನಿಶ್ಚಯಿಸುತ್ತವೆ. ತಾಯಿಯು ಅಲ್ಲಿ ನಿತ್ಯವೂ ಅಳುತ್ತಾಳೆ, ಆ ಅಳುವಿಗೆ ಫಲಾಗಮವಿಲ್ಲ. ಗೆಜ್ಜೆ ಪೂಜೆಯ ಅಪರ್ಣೆಗೆ ಸಾಧ್ಯವಾದ ರಸಪರಿಪಾಕವು ಐನೂರು ಕಂತುಗಳ ತಾಯಿಗೆ ಸಾಧ್ಯವೆ ಎಂಬುದು ಬೇರೆಯಾಗಿಯೇ ವಿಚಾರಿಸತಕ್ಕ ವಿಷಯ.