ಲಿವರ್ ಕಾಯಿಲೆ ಇರುವವರಿಗೆ ‘ಡಿ’ ಜೀವಸತ್ವದ ಕೊರತೆ



ಲೊಕ್ಕನಹಳ್ಳಿ, ಒಡೆಯರಪಾಳ್ಯ, ಹನೂರಿನ ಕಡೆ ಬಿಸಿಲಿಗೆ ಕೊರತೆಯಿಲ್ಲ. ಊಟಕ್ಕೆ ರಾಗಿ ಮುದ್ದೆ ಇದೆ, ಸಂಘಕ್ಕೆ ಹಾಲು ಹಾಕುವ ಮನೆಗಳಲ್ಲಿ ಹಾಲೂ ಇದೆ. ಆದರೂ ಬಹುಕಾಲದಿಂದ ಲಿವರ್ ಕಾಯಿಲೆ ಇರುವವರ ಮೂಳೆಗಳು ದುರ್ಬಲವಾಗಿ, ಸುಮ್ಮನೆ ಜಾರಿ ಬಿದ್ದರೂ ಮುರಿಯಬಹುದು. ಇದಕ್ಕೆ ಒಂದು ಮುಖ್ಯ ಕಾರಣ ‘ಡಿ’ ಜೀವಸತ್ವದ ಕೊರತೆ.

ಕೊರತೆ ಹೇಗೆ ಬರುತ್ತದೆ?

ಹಾಲು, ರಾಗಿಗಳಲ್ಲಿ ಸುಣ್ಣದ ಅಂಶ ಹೇರಳವಾಗಿದೆ. ಅದನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಸದಾ ಕತ್ತಲೆ ಕೊಟ್ಟಿಗೆಯಲ್ಲೇ ಕಟ್ಟಿದ ಕರುವಿನ ಕಾಲು ಸೊಟ್ಟಗಾಗುವುದಕ್ಕೂ ಈ ಕೊರತೆ ಕಾರಣವಾಗಬಹುದು.

ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ ಈ ಜೀವಸತ್ವ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಮೊದಲು ಲಿವರಿನಲ್ಲಿ, ನಂತರ ಮೂತ್ರಪಿಂಡದಲ್ಲಿ ಅದು ಮಾರ್ಪಡಬೇಕು. ಮದ್ಯಪಾನ, ಹೆಪಟೈಟಿಸ್ ‘ಬಿ’, ‘ಸಿ’ ಸೋಂಕು ಅಥವಾ ಕೊಬ್ಬು ತುಂಬಿದ್ದರಿಂದ ಲಿವರ್ ಕೆಟ್ಟಾಗ ಈ ಕೆಲಸ ಕುಂದುತ್ತದೆ. ಪಿತ್ತರಸ ಸರಿಯಾಗಿ ಕರುಳಿಗೆ ಇಳಿಯದಿದ್ದರೆ ಆಹಾರದಲ್ಲಿರುವ ‘ಡಿ’ ಜೀವಸತ್ವವೂ ಮೈಗೆ ಹತ್ತುವುದಿಲ್ಲ. ಜೊತೆಗೆ ರೋಗಿ ನಿಶ್ಶಕ್ತಿಯಿಂದ ಮನೆಯೊಳಗೇ ಮಲಗಿದರೆ ಬಿಸಿಲೂ ತಪ್ಪುತ್ತದೆ.

ಏನು ಮಾಡಬೇಕು?

1. ಮೂಳೆ ನೋವು, ತೊಡೆ ಮತ್ತು ತೋಳಿನ ನಿಶ್ಶಕ್ತಿ ಇದ್ದರೆ ವೈದ್ಯರಿಗೆ ತಿಳಿಸಿ. ಯಾವ ತೊಂದರೆಯೂ ಕಾಣದೆ ಕೊರತೆ ಇರಬಹುದು. ಅದನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

2. ಹಾಲು ಕರೆಯುವ ಮುಂಜಾನೆ, ಸಂಜೆಯ ಎಳೆ ಬಿಸಿಲು ಸಾಲದು. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಆಯಾಸವಾಗದಷ್ಟು ಕಾಲ, ಕೈಕಾಲಿಗೆ ಬಿಸಿಲು ತಾಕಬೇಕು.

3. ಹಸುವಿನ ಹಾಲಿನಲ್ಲಿ ಸಹಜವಾಗಿ ‘ಡಿ’ ಜೀವಸತ್ವ ತೀರಾ ಕಡಿಮೆ. ಆದ್ದರಿಂದಲೇ 2018ರ ನಿಯಮದಂತೆ ಪೋಷಕಾಂಶ ಸೇರಿಸಿದ ಪ್ಯಾಕೆಟ್ ಹಾಲಿನಲ್ಲಿ ಲೀಟರಿಗೆ 5ರಿಂದ 7.5 ಮೈಕ್ರೋಗ್ರಾಂ ಇರಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 15 ಮೈಕ್ರೋಗ್ರಾಂ, ಅಂದರೆ 600 ಯೂನಿಟ್. ಮನೆಯಲ್ಲಿ ಕರೆದ ಹಾಲನ್ನು ಸುಣ್ಣದ ಅಂಶ, ಸಸಾರಜನಕಕ್ಕಾಗಿ ತಪ್ಪದೆ ಕೊಡಿ, ಕಾಯಿಸಿಯೇ ಕೊಡಿ. ಆದರೆ ಹಾಲೊಂದರಿಂದಲೇ ಈ ಕೊರತೆ ನೀಗದು.

4. ಪಥ್ಯದ ಹೆಸರಿನಲ್ಲಿ ಹಾಲು, ಬೇಳೆ, ಮೊಟ್ಟೆ ಬಿಡಿಸಿ ಬರೀ ಗಂಜಿ ಕೊಡಬೇಡಿ. ಇದರಿಂದ ಮೈ ಇನ್ನಷ್ಟು ಸೊರಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಉಪ್ಪಿನ ಬಗ್ಗೆ ವೈದ್ಯರು ಹೇಳಿದಂತೆ ನಡೆಯಿರಿ.

5. ಅಂಗಡಿಯಲ್ಲಿ ಸಿಗುವ 60,000 ಯೂನಿಟ್ಟಿನ ಒಂದು ಗುಳಿಗೆ 100 ದಿನಗಳ ಅಗತ್ಯಕ್ಕೆ ಸಮ. ಇದನ್ನು ವೈದ್ಯರು ಬರೆದುಕೊಟ್ಟಷ್ಟೇ ಸೇವಿಸಬೇಕು. ಅತಿಯಾದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ಒಂದು ಮಾತನ್ನು ಗಮನದಲ್ಲಿಡಿ. ‘ಡಿ’ ಜೀವಸತ್ವದ ಗುಳಿಗೆ ಕೊರತೆಯನ್ನು ತುಂಬುತ್ತದೆ, ಲಿವರ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದಕ್ಕೆ ಕುಡಿತವನ್ನು ಪೂರ್ತಿ ಬಿಡಬೇಕು, ಚಿಕಿತ್ಸೆಯನ್ನು ನಡುವೆ ನಿಲ್ಲಿಸಬಾರದು. ಹಸು ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸುವ ನಾವು, ಮನೆಯವರ ಆರೋಗ್ಯಕ್ಕೂ ಅಷ್ಟೇ ಗಮನ ಕೊಡೋಣ.