ತಟ್ಟೆಯ ಪಡಿಯಚ್ಚು

ಶಿಕಾರಿಪುರ ಸೊರಬ ಸೀಮೆಯ ನಮಗೆ ಕಲ್ಬರಹಗಳು ಹೊಸವಲ್ಲ. ಬಿ. ಎಲ್. ರೈಸರವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. ಒದ್ದೆ ಕಾಗದವನ್ನು ಕಲ್ಲಿಗೊತ್ತಿ ಮಸಿ ಸವರಿದರೆ ಅಕ್ಷರಗಳಷ್ಟೇ ಅಲ್ಲ, ಪಂಕ್ತಿಗಳೂ ಬಿರುಕುಗಳೂ ಇದ್ದಲ್ಲಿಯೇ ಮೂಡುವುವು. ಗಣಕಯಂತ್ರದ ‘ಐ.ಎಸ್.ಓ.’ ಕಡತವೂ ಇಂಥದೇ, ಅದು ಸಿ.ಡಿ. ಅಥವಾ ಡಿ.ವಿ.ಡಿ. ತಟ್ಟೆಯೊಂದರ ಸಮಗ್ರ ಪಡಿಯಚ್ಚು.

ಇದನ್ನು ತೆರೆಯಲು ತಟ್ಟೆಯೇ ಬೇಕೆಂದಿಲ್ಲ. ವಿಂಡೋಸ್ 8 (2012) ಮೊದಲ್ಗೊಂಡು, ಕಡತವನ್ನು ಎರಡು ಸಾರಿ ಒತ್ತಿದರೆ ಹೊಸದೊಂದು ಡ್ರೈವ್ ತೋರುವುದು. ಕೆಲಸ ತೀರಿದ ಮೇಲೆ ‘ಇಜೆಕ್ಟ್’ ಒತ್ತತಕ್ಕದ್ದು.

ತಟ್ಟೆಗೆ ಬರೆಯುವಾಗಲೇ ಅನೇಕರು ಎಡವುವರು. ಕಡತವನ್ನು ಸುಮ್ಮನೆ ಎಳೆದು ಹಾಕಿದರೆ, ಸುತ್ತಿಟ್ಟ ಪಡಿಯಚ್ಚಿನಂತೆ ಅದೊಂದೇ ಕಡತವು ಕಾಣುವುದಲ್ಲದೆ ಒಳಗಿನವು ಬಿಚ್ಚಿಕೊಳ್ಳವು. ಆದಕಾರಣ ಬಲಗುಂಡಿಯನ್ನೊತ್ತಿ ‘ಬರ್ನ್ ಡಿಸ್ಕ್ ಇಮೇಜ್’ ಎಂಬುದನ್ನೇ ಆರಿಸಬೇಕು. ಇದು ವಿಂಡೋಸ್ 7ರಿಂದ (2009) ಇದೆ. ‘ವೆರಿಫೈ’ ಗುರುತನ್ನೂ ಮರೆಯಬಾರದು. ಸಿ.ಡಿ.ಯಲ್ಲಿ ಸುಮಾರು 700 ಎಂ.ಬಿ., ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಹಿಡಿಯುವುದು. ಕಡತದೊಡನೆ ‘ಎಸ್.ಎಚ್.ಎ. 256’ ಸಂಖ್ಯೆಯನ್ನು ಕೊಟ್ಟಿದ್ದರೆ ಮೊದಲೇ ಹೋಲಿಸಿ ನೋಡಬೇಕು; ಒಂದಕ್ಷರ ಭೇದವಾದರೂ ಕಡತವನ್ನು ಮತ್ತೆ ಇಳಿಸಿಕೊಳ್ಳುವುದೇ ಲೇಸು.

ಐದನೆಯ ಶತಮಾನದ ತಾಳಗುಂದದ ಸ್ತಂಭವು ಇಂದಿಗೂ ನಿಂತಿದೆ. ನಾವು ಬರೆದ ತಟ್ಟೆಯ ಬಣ್ಣವೋ ಬಿಸಿಲಿಗೂ ಸೆಕೆಗೂ ಮಾಸುವುದು. ತಾಯಂದಿರ ದನಿಯೂ ಮಕ್ಕಳ ಚಿತ್ರಗಳೂ ಅದರಲ್ಲಿದ್ದರೆ, ಸೋದರಿಯರೇ, ಇಂದೇ ಪಡಿಯಚ್ಚು ತೆಗೆದು ಎರಡು ಕಡೆ ಇಡೋಣ.