ಗೂಡಿನ ವಾಸನೆ

ಮುಂಗಾರು ಹಿಡಿಯುವ ಮೊದಲು ಸೂರಿನಡಿಯನ್ನೆಲ್ಲ ಗುಡಿಸಿ ಶುಚಿಮಾಡುವುದು ಕುಶಾಲನಗರದ ನಮ್ಮ ಮನೆಯಲ್ಲಿ ಹಳೆಯ ವಾಡಿಕೆ. ಈ ವರ್ಷ ಜಗಲಿಯ ಮೂಲೆಯಲ್ಲಿ ಕಡಜಗಳು ಗೂಡು ಕಟ್ಟಿದ್ದವು. ಬಿದಿರ ಗಳುವಿನ ತುದಿಗೆ ಎಣ್ಣೆಬಟ್ಟೆ ಸುತ್ತಿ ನಾನು ಕಡ್ಡಿ ಗೀರುವಷ್ಟರಲ್ಲಿ ಅಕ್ಕ ಬಂದು ಕೈಹಿಡಿದಳು. “ಇರಲಿ ಬಿಡೋ, ಅದೂ ಒಂದು ಸಂಸಾರವೇ ಅಲ್ಲವೇ?” ಎಂದಳು.

ಈ ಅಕ್ಕ ನನ್ನ ಒಡಹುಟ್ಟಿದವಳಲ್ಲ. ಐದು ವರ್ಷದವಳಿದ್ದಾಗ ತಬ್ಬಲಿಯಾಗಿ ನಮ್ಮ ಮನೆ ಸೇರಿದವಳು. ನನ್ನನ್ನು ಎತ್ತಿ ಆಡಿಸಿದವಳು. ಕೆಲವು ದಿನಗಳ ಹಿಂದೆ ಮನೆಯ ಪಾಲಿನ ಮಾತು ಬಂದಾಗ ನೆಂಟರೊಬ್ಬರು, “ರಕ್ತಸಂಬಂಧವಿದ್ದವರಿಗಲ್ಲವೇ ಪಾಲು? ಅದು ಪ್ರಕೃತಿಯ ನಿಯಮ” ಎಂದಿದ್ದರು. ನಾನು ಸುಮ್ಮನಿದ್ದೆ. ಆ ಮೌನ ಅಂದಿನಿಂದ ನನ್ನನ್ನು ಚುಚ್ಚುತ್ತಲೇ ಇತ್ತು.

ಪ್ರಕೃತಿಯ ನಿಯಮವಾದರೂ ಏನು? ಕಡಜದ ಗೂಡಿನಲ್ಲಿ ಮೊಟ್ಟೆಯಿಡುವವಳು ಒಬ್ಬ ರಾಣಿ, ದುಡಿಯುವವರು ಹಲವರು. ತಾವು ಸಂತಾನ ಪಡೆಯದೆ ಪರರ ಮರಿಗಳನ್ನು ಸಾಕುವ ಗುಣ ತಲೆಮಾರುಗಳಲ್ಲಿ ಅಳಿಯದೆ ಉಳಿಯುವುದೆಂತು? ಇಂಗ್ಲೆಂಡಿನ ವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ನೆರವಿನಿಂದ ಬಂಧುವಿಗಾಗುವ ಲಾಭವನ್ನು ಬಾಂಧವ್ಯದ ಪ್ರಮಾಣದಿಂದ ಗುಣಿಸಿದಾಗ ಅದು ನೆರವಾಗುವವನ ನಷ್ಟವನ್ನು ಮೀರಿದರೆ ಆ ಗುಣ ಬಾಳುತ್ತದೆ. ಕಡಜಗಳಲ್ಲಿ ಗಂಡು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ. ಆದಕಾರಣ ತಂದೆ ಒಬ್ಬನೇ ಆದರೆ ಅಕ್ಕತಂಗಿಯರ ಬಾಂಧವ್ಯ ಮುಕ್ಕಾಲು, ತಾಯಿಮಗಳದು ಅರ್ಧವೇ.

ರಕ್ತವನ್ನು ಹುಟ್ಟಿನಿಂದಲೇ ಅರಿಯುವ ಜೀವಿಗಳು ನಮ್ಮ ನಾಡಿನಲ್ಲೇ ಉಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈದಾಪುರ ಮತ್ತು ಗಿರೀಶ್ ಅವರು ನೆಲಗಪ್ಪೆಯ ಗೊದಮೊಟ್ಟೆಗಳನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂಟಿಯಾಗಿ ಬೆಳೆಸಿದ ಮರಿಗಳು ಸಹ, ಎಂದೂ ಕಾಣದ ಒಡಹುಟ್ಟಿದವರ ಬಳಿಯಲ್ಲೇ ಹೆಚ್ಚು ಹೊತ್ತು ಸುಳಿದಾಡಿದವು. ನೆಂಟರ ಮಾತಿಗೆ ಇದು ಸಾಕ್ಷಿಯೆನ್ನಬಹುದು.

ಆದರೆ ಕಡಜಗಳ ಕಥೆಯೇ ಬೇರೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಡಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಅಭ್ಯಸಿಸಿದ್ದಾರೆ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತಾಳೆ. ಒಬ್ಬ ರಾಣಿಯ ಬಳಿಕ ಇನ್ನೊಬ್ಬಳು ಪಟ್ಟಕ್ಕೆ ಬರುತ್ತಾಳೆ. ಹೀಗಾಗಿ ಆ ಮುಕ್ಕಾಲು ಪಾಲಿನ ಬಾಂಧವ್ಯ ಗೂಡಿನಲ್ಲಿ ಉಳಿಯುವುದೇ ಇಲ್ಲ. ಇನ್ನು, ಒಂಟಿ ಕಡಜ ನಡುವೆ ಸತ್ತರೆ ಮರಿಗಳೂ ಸಾಯುತ್ತವೆ. ಕೂಡಿ ಬಾಳಿದರೆ ಒಬ್ಬಳು ತೊಡಗಿದ ಕೆಲಸವನ್ನು ಮತ್ತೊಬ್ಬಳು ಮುಗಿಸುತ್ತಾಳೆ. ಈ ಲಾಭವೂ ಹ್ಯಾಮಿಲ್ಟನ್ನರ ಲೆಕ್ಕಕ್ಕೆ ಸೇರಿದ್ದೇ.

ಅವು ತಮ್ಮವರನ್ನು ಗುರುತಿಸುವ ಬಗೆ ಇನ್ನೂ ಸೋಜಿಗದ್ದು. ಕೋಶದಿಂದ ಹೊರಬಂದೊಡನೆ ಗೂಡಿನಿಂದಲೂ ಒಡನಾಡಿಗಳಿಂದಲೂ ದೂರವಿಟ್ಟ ಕಡಜ ತನ್ನವರನ್ನು ಗುರುತಿಸಲಾರದು. ಅವೂ ಅದನ್ನು ಗುರುತಿಸಲಾರವು. ಗುರುತು ನೆತ್ತರಿನಲ್ಲಿಲ್ಲ, ಒಟ್ಟಿಗೆ ಬಾಳಿ ಮೈಗೂಡಿಸಿಕೊಂಡ ವಾಸನೆಯಲ್ಲಿದೆ. ಬೇರೆ ಗೂಡಿನ ಎಳೆಯ ಕಡಜಗಳನ್ನು ತಂದು ಬಿಟ್ಟಾಗ ಗೂಡಿನವು ಅವನ್ನು ಅಟ್ಟಲಿಲ್ಲ; ಅವು ಮನೆಮಕ್ಕಳಂತೆಯೇ ದುಡಿದವು.

ಕಡಜಗಳಿಂದ ನಾವು ಧರ್ಮಶಾಸ್ತ್ರ ಕಲಿಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಗೊದಮೊಟ್ಟೆಯನ್ನು ಕಂಡು ಆಸ್ತಿ ಹಂಚುವುದು ಹೇಗೆ ಅವಿವೇಕವೋ, ಕಡಜವನ್ನು ಕಂಡು ಹಂಚುವುದೂ ಹಾಗೆಯೇ. ಆದರೆ ಪ್ರಕೃತಿಯ ಹೆಸರು ಹೇಳಿ ಅಕ್ಕನನ್ನು ಹೊರಗಿಡಲು ಹೊರಟವರ ಪರವಾಗಿ ಪ್ರಕೃತಿ ಸಾಕ್ಷಿ ನುಡಿಯಲೊಲ್ಲದು. ಆ ನಿರ್ಣಯ ನಮ್ಮದು. ಅದರ ಹೊಣೆಯೂ ನಮ್ಮದೇ.

ಬರುವ ವಾರ ಪಾಲಿನ ಮಾತಿಗೆ ಎಲ್ಲರೂ ಮತ್ತೆ ಕೂಡಲಿದ್ದಾರೆ. ಈ ಸಲ ಮೊದಲು ಬಾಯಿಬಿಡುವವನು ನಾನು. ಅದೇ ಜಗಲಿಯಲ್ಲಿ ಕುಳಿತು ಮಾತಾಡಬೇಕು. ಮೂಲೆಯ ಗೂಡು ಇನ್ನೂ ಅಲ್ಲೇ ಇದೆ.